ಬಲಗಡೆಯ ಜಾಗ

ಹ್ಯಾಂಡ್‌ಪೋಸ್ಟ್ ಎಂಬ ಊರಲ್ಲಿ ಫೋಟೊ ಸ್ಟುಡಿಯೊ ಇಟ್ಟಿದ್ದ ವಸಂತನಿಗೆ ಒಂಟಿಯಾಗಿರುವ ಯಾವ ವಸ್ತುವಿನ ಮೇಲೂ ನಂಬಿಕೆಯಿರಲಿಲ್ಲ. ಹುಣಸೂರು, ಪಿರಿಯಾಪಟ್ಟಣ, ಸರಗೂರಿನ ಸ್ಟುಡಿಯೊಗಳವರೂ ತಮ್ಮ ಮದುವೆ ಫೋಟೊಗಳನ್ನೆಲ್ಲ ಅವನ ಹಿಂದಿನ ಕೋಣೆಯ ಸ್ಟೋರೇಜ್ ಪೆಟ್ಟಿಗೆಗೇ ಕಳಿಸುತ್ತಿದ್ದರು. ಊರೂರ ಮದುವೆಗಳ ಭಾರ ಅವನ ತಲೆಯ ಮೇಲೆ. ಅದಕ್ಕೇ ಪ್ರತಿ ಫೋಟೊಗೂ ಎರಡು ಡಿಸ್ಕು, ಓದಲು ಎರಡು ಸರ್ವರು, ಪೆಟ್ಟಿಗೆಗೆ ಎರಡು ಪವರ್ ಸಪ್ಲೈ, ಕರೆಂಟಿನ ಏರಿಳಿತ ತಡೆಯಲು ಅವಕ್ಕೆ ಬೇರೆ ಬೇರೆ ಯುಪಿಎಸ್ಸು.

“ಒಂದು ಕೈಕೊಟ್ರೆ ಇನ್ನೊಂದು ಇರ್ಬೇಕು ಕಣ್ರೀ,” ಎನ್ನುತ್ತಿದ್ದ.

“ಅಂಗಾದ್ರೆ ಹೆಂಡ್ರುನೂ ಎಲ್ಡು ಮಾಡ್ಕೊಳ್ಳಲಾ!” ಎಂದು ಟೀ ಅಂಗಡಿಯಲ್ಲಿ ರೇಗಿಸುತ್ತಿದ್ದರು.

ಅಂಥವನು ಎಡವಿದ್ದೆಲ್ಲಿ? ಆಯುಧಪೂಜೆಯಲ್ಲಿ! ಪೆಟ್ಟಿಗೆಗೆ ಕುಂಕುಮ ಹಚ್ಚಿ ಹೂ ಮುಡಿಸಿದ ಮೇಲೆ ದೇವರ ಪಟದ ಬಣ್ಣದ ದೀಪಗಳ ಸೀರಿಯಲ್ ಸೆಟ್ಟಿಗೆ ಪ್ಲಗ್ಗು ಸಾಲಲಿಲ್ಲ. ಎರಡೂ ಪವರ್ ಸಪ್ಲೈಗಳನ್ನು ಯುಪಿಎಸ್ಸುಗಳಿಂದ ಕಿತ್ತು, ಆ ಜಾಗವನ್ನು ದೀಪಗಳಿಗೆ ಬಿಟ್ಟು, ಗೋಡೆಯ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಸಿಕ್ಕಿಸಿದ. ಕಡ್ಲೆಪುರಿ ಹಂಚುವ ಗಡಿಬಿಡಿಯಲ್ಲಿ ಮತ್ತೆ ಬದಲಾಯಿಸುವುದು ಮರೆತೇಹೋಯಿತು. ಮುಂದಿನ ವಾರ ಸಿಡಿಲು ಬಡಿಯಿತು. ಆ ಬೋರ್ಡಿನಿಂದ ನುಗ್ಗಿದ ಕರೆಂಟು ಪೆಟ್ಟಿಗೆಯನ್ನು ಡಿಸ್ಕುಗಳ ಸಮೇತ ಸುಟ್ಟಿತು. ಎರಡು ಸರ್ವರುಗಳೇನೋ ಚೆನ್ನಾಗಿಯೇ ಇದ್ದವು. ಓದಲು ಏನೂ ಉಳಿದಿರಲಿಲ್ಲ, ಅಷ್ಟೆ.

ಅದಾಗಿ ಎರಡು ದಿನಕ್ಕೆ ಹತ್ತಿರದ ಹಳ್ಳಿಯ ಚಿಕ್ಕಬೀರಮ್ಮ ಬಂದಳು, ಕೈಯಲ್ಲಿ ಖಾಲಿ ಫ್ರೇಮು. ಗಂಡ ಕರಿಯಯ್ಯ ತೀರಿಹೋಗಿದ್ದ.

“ಅವರು ಫೋಟೊಕ್ಕೆ ನಿಂತೋರೇ ಅಲ್ಲ. ತಂಗಿ ಮಗಳ ಮದ್ವೇಲಿ ನೀನೇ ಎಳ್ಕೊಂಡು ಬಂದು ನಮ್ಮಿಬ್ರನ್ನೂ ತಗ್ದಿದ್ದಲ್ಲ ಮಗ? ಅದನ್ನೇ ಕೊಡು, ತಿಥೀಲಿ ಎಡೆ ಮುಂದೆ ಇಡಬೇಕು. ಆಧಾರ್ ಕಾರ್ಡಲ್ಲಿರೋ ಮಕ ನಂಗೇ ಗುರ್ತು ಸಿಕ್ಕಕಿಲ್ಲ.”

ಆ ಫೋಟೊ ಆಲ್ಬಮ್ಮಿಗೆ ಸೇರಿರಲಿಲ್ಲ. ಕ್ಯಾಮೆರಾದ ಕಾರ್ಡನ್ನು ಎಂದೋ ಅಳಿಸಿಯಾಗಿತ್ತು. ವಸಂತ ತಲೆತಗ್ಗಿಸಿ ಎಲ್ಲ ಹೇಳಿದ.

“ಎಲ್ಡೆಲ್ಡು ಇಟ್ಟಿದ್ದೀನಿ ಅಂತಿದ್ದೆ?”

“ಇಟ್ಟಿದ್ದೆ ಕಣವ್ವ. ಎಲ್ಡನ್ನೂ ಒಂದೇ ಕಡೆ ಸಿಕ್ಕಿಸ್ಬುಟ್ಟೆ.”

ಬೈದಿದ್ದರೂ ಚೆನ್ನಾಗಿತ್ತು. ಅವಳು ಬೈಯಲಿಲ್ಲ, ಫ್ರೇಮನ್ನು ಸೆರಗಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದಳು. ತಿಥಿಯ ದಿನ ಕರಿಯಯ್ಯನ ಕಂಬಳಿಯ ಮುಂದೆ ಎಡೆ ಇಟ್ಟರು. ಊಟಕ್ಕೆ ಕೂತ ವಸಂತ ಅರ್ಧಕ್ಕೇ ಎದ್ದುಬಿಟ್ಟ.

ಮುಂದಿನ ವರ್ಷದ ಹೊತ್ತಿಗೆ ಪಿರಿಯಾಪಟ್ಟಣದ ಸುನೀಲ್ ಕುಮಾರ್ ಸ್ಟುಡಿಯೊದಲ್ಲಿ ಇನ್ನೊಂದು ಪೆಟ್ಟಿಗೆ ಕೂತಿತು. ಇಲ್ಲಿಗೆ ಬಂದ ಫೋಟೊ ಅಂದೇ ಅಲ್ಲಿಗೂ ಹೋಗುತ್ತದೆ. ದೇವರ ಪಟಕ್ಕೆ ಈಗ ಎಣ್ಣೆ ದೀಪವೊಂದೇ.

ಪಿತೃಪಕ್ಷದ ಮುಂಚೆ ಚಿಕ್ಕಬೀರಮ್ಮ ಮತ್ತೆ ಬಂದಳು, ಅದೇ ಫ್ರೇಮು ಹಿಡಿದು.

“ನಂದೊಂದು ತಗಿ ಮಗ. ನನ್ ಮಕ್ಳು ನನ್ನಂಗೆ ಬರಿಗೈಲಿ ವಾಪಸ್ ಓಗಬಾರ್ದು.”

ವಸಂತ ಅವಳನ್ನು ಬೆಂಚಿನ ನಡುವೆ ಕೂರಿಸಿ ಕ್ಯಾಮೆರಾ ಹತ್ತಿರ ಬಂದ. ಅಷ್ಟರಲ್ಲಿ ಅವಳು ತನ್ನ ಎಡಕ್ಕೆ ಸರಿದಿದ್ದಳು.

“ನಡೂಕೆ ಬನ್ನಿ ಅವ್ವ.”

“ಇಲ್ಲೇ ಇರ್ಲಿ ಬುಡು. ಆ ಫೋಟೊದಲ್ಲಿ ಅವರು ನನ್ನ ಬಲಕ್ಕೇ ಕೂತಿದ್ದು.”

ವಸಂತನಿಗೆ ಕಣ್ಣು ಮಂಜಾಯಿತು. ಒರೆಸಿಕೊಂಡು, ಬಲಗಡೆಯ ಜಾಗವನ್ನೂ ಸೇರಿಸಿ ಫೋಟೊ ತೆಗೆದ. ಅದು ಈಗ ಹ್ಯಾಂಡ್‌ಪೋಸ್ಟ್‌ನಲ್ಲೂ ಇದೆ, ಪಿರಿಯಾಪಟ್ಟಣದಲ್ಲೂ ಇದೆ.