ಬಾವಿಯ ಮೇಲಿನ ಟೊಂಗೆ

ಬಾವಿಗೂ ಮಧ್ಯಾಹ್ನ ವಿಶ್ರಾಂತಿ ಕೊಡುತ್ತಿದ್ದ ದಿನಗಳವು. ಎಪ್ಪತ್ತರ ದಶಕ, ನಾನು ಕಳ್ಳಕವಟಗಿಯ ಸಾಲೆಯಲ್ಲಿ ಮೂರನೇ ಇಯತ್ತೆ. ಅಜ್ಜ ಎರಡೆತ್ತು ಕಟ್ಟಿ, ಮೊಟ್ಟಿ ಎಂಬ ದೊಡ್ಡ ತೊಗಲ ಚೀಲದಲ್ಲಿ ಹೊಲದ ಬಾವಿಯಿಂದ ನೀರೆತ್ತುತ್ತಿದ್ದ. ಹೊತ್ತು ನೆತ್ತಿಗೆ ಬಂದರೆ ಎತ್ತು ಬಿಚ್ಚುತ್ತಿದ್ದ. ಬೇವಿನ ನೆರಳಲ್ಲಿ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ ತಿಂದು, ಒಂದು ನಿದ್ದೆ ತೆಗೆದು ಏಳುವಷ್ಟರಲ್ಲಿ ಇಳಿದ ನೀರು ಮತ್ತೆ ಮೇಲೇರಿರುತ್ತಿತ್ತು.

ಬಾವಿಯ ಮೇಲೆ ಬಾಗಿದ್ದ ಜಾಲಿಯ ಟೊಂಗೆಗೆ ಪ್ರತಿ ಮುಂಗಾರಿನಲ್ಲಿ ಗೀಜಗಗಳು ಗೂಡು ನೇಯುತ್ತಿದ್ದವು. ಮೆಟ್ಟಿಲ ಮೇಲೆ ಕೂತು ಅವನ್ನು ಎಣಿಸುವುದೇ ನನ್ನ ಆಟ. ನೀರಿನಲ್ಲಿ ಕಾಣುವ ಗೂಡುಗಳನ್ನೂ ಸೇರಿಸಿ ಎಣಿಸುತ್ತಿದ್ದೆ. ಅವೆಲ್ಲ ನನ್ನವೇ ಎಂಬ ಜಂಬ ಬೇರೆ.

ಆ ವರ್ಷ ಶ್ರಾವಣದಲ್ಲಿ ಕಾಕಾ ವಿಜಾಪುರದಿಂದ ಡೀಸೆಲ್ ಇಂಜಿನ್ ತಂದ. ದ್ರಾಕ್ಷಿ ಹಚ್ಚಬೇಕೆಂಬ ಹುಮ್ಮಸ್ಸು ಅವನಿಗೆ. ಪೈಪು ಇಳಿಸಲು ಅಡ್ಡವಾಗುತ್ತದೆಂದು ಟೊಂಗೆ ಕಡಿಯಲು ಕೊಡಲಿ ಹಿಡಿದು ಬಂದಾಗ ನಾನು ಜಾಲಿಗೆ ತೆಕ್ಕೆಬಿದ್ದೆ. ಮುಳ್ಳಿಗೆ ಲಂಗ ಹರಿಯಿತು.

“ಗೂಡಿನ್ಯಾಗ ಮರಿ ಅದಾವ ಕಾಕಾ,” ಎಂದು ಅಳತೊಡಗಿದೆ.

ಕಾಕಾ ನಕ್ಕ. ಅಜ್ಜ ನಗಲಿಲ್ಲ. ಟೊಂಗೆ ಮುಟ್ಟಬೇಡ, ಪೈಪು ಆ ಕಡೆಯಿಂದ ಇಳಿಸು ಎಂದ. ಆಮೇಲೆ ಇಂಜಿನ್ನಿನ ಮೇಲೆ ಕೈಯಿಟ್ಟು ಮೆಲ್ಲಗೆ ಕೇಳಿದ: “ಎತ್ತ ದಣದ್ರ ನಿಂದರತಾವ. ಇದು ದಣಿಯೂದಿಲ್ಲ. ಬಾವಿಗಿ ಪುರಸೊತ್ತ ಯಾವಾಗಲೋ?”

ಆ ಮಾತು ಆಗ ನನ್ನ ತಲೆಗೆ ಹೋಗಲಿಲ್ಲ. ಟೊಂಗೆ ಉಳಿದಿತ್ತಲ್ಲ, ಅಷ್ಟೇ ಸಾಕಿತ್ತು. ಡೀಸೆಲ್ ವಾಸನೆ, ಎದೆಗೆ ಬಡಿಯುವ ಸದ್ದು, ಪೈಪಿನಿಂದ ಧುಮುಕುವ ನೀರು. ಓಣಿಯ ಹುಡುಗಿಯರನ್ನೆಲ್ಲ ಕರೆತಂದು ಅದರ ಕೆಳಗೆ ಕುಣಿದೆ. ಕಾಕಾ ಇಂಜಿನ್ ನಿಲ್ಲಿಸಲು ಹೋದರೆ ಇನ್ನೊಂದಿಷ್ಟು ಹೊತ್ತು ಬಿಡು ಎಂದು ಗೋಗರೆಯುತ್ತಿದ್ದವಳು ನಾನೇ. ಮರಿಗಳು ಹಾರಿಹೋದವು. ದ್ರಾಕ್ಷಿಯೂ ಚಿಗುರಿತು.

ಮರುವರ್ಷ ಮಳೆ ಬಿದ್ದ ಮೇಲೆ ಗೀಜಗಗಳು ಬಂದವು. ಬಾವಿಯ ತಳದಲ್ಲಿ ಕೆಸರಿನ ನಡುವೆ ಒಂದು ಬೊಗಸೆಯಷ್ಟು ನೀರಿತ್ತು. ಒಂದು ಹಕ್ಕಿ ಟೊಂಗೆಗೆ ಎರಡು ಎಳೆ ಸುತ್ತಿ, ಕೆಳಗೆ ನೋಡಿ, ಹಾಗೇ ಬಿಟ್ಟು ಹಾರಿತು. ನಾನು ವಾರಗಟ್ಟಲೆ ಕಾದೆ.

“ಟೊಂಗಿ ಐತೆಲ್ಲ ಅಜ್ಜಾ, ಯಾಕ ಬರವಲ್ವು?”

“ಅವು ಟೊಂಗಿ ನೋಡಿ ಬರ್ತಿದ್ದಿಲ್ಲ ಯವ್ವಾ,” ಎಂದ ಅಜ್ಜ. “ನೀರ ನೋಡಿ ಬರ್ತಿದ್ವು.”

ನಾನೀಗ ವಿಜಾಪುರದ ಜೋರಾಪುರ ಪೇಟೆಯಲ್ಲಿದ್ದೇನೆ. ನಲ್ಲಿ ತಿರುಗಿಸಿದರೆ ಕೊಡ ತುಂಬುವ ಮೊದಲೇ ನಿಲ್ಲಿಸಿಬಿಡುತ್ತೇನೆ. ಹೋದ ತಿಂಗಳು ಹೊಲಕ್ಕೆ ಹೋಗಿದ್ದೆ. ಬಾವಿಯಲ್ಲಿ ಬೆಳೆಗೆ ಹೊಡೆದ ಔಷಧಿಯ ಖಾಲಿ ಡಬ್ಬಿ, ಹರಿದ ಪೈಪು. ಸುತ್ತ ಕೊಳವೆಬಾವಿಗಳು, ಅವುಗಳ ನೀರು ಎಷ್ಟು ಆಳಕ್ಕಿಳಿದಿದೆಯೋ ಇಣುಕಿ ನೋಡಲೂ ಆಗದು. ಮೆಟ್ಟಿಲ ಮೇಲೆ ಕೂತು ಎಣಿಸಲು ಏನೂ ಇರಲಿಲ್ಲ.

ಜಾಲಿಯ ಟೊಂಗೆ ಮಾತ್ರ ಹಾಗೇ ಇದೆ, ಬಾವಿಯ ಮೇಲೆ ಬಾಗಿಕೊಂಡು. ಅದನ್ನು ಉಳಿಸಿದವಳು ನಾನು.