ಬೆನ್ನು ತೋರಿಸುವ ಗಾಡಿಗೆ ಆಯುಧಪೂಜೆ

ಯುದ್ಧವಾಹನಗಳ ಆ ಕಂಪ್ಯೂಟರ್ ಆಟದಲ್ಲಿ ನಾನು ಸತ್ತಿರುವಷ್ಟು ಸಲ ಬೇರೆ ಯಾರೂ ಸತ್ತಿರಲಾರರು. ನಿವೃತ್ತಿಯ ನಂತರ ಹಿಡಿದ ಚಟ ಅದು. ಕ್ಯಾಲಿಫೋರ್ನಿಯಾದ ಡಬ್ಲಿನ್ನಿನ ನಮ್ಮ ಮನೆಯಲ್ಲಿ ಮಧ್ಯಾಹ್ನದ ಊಟ ಮುಗಿಸಿ ನನ್ನ ಹೆಂಡತಿ ಕಣ್ಣು ಮುಚ್ಚುವ ಹೊತ್ತಿಗೆ ನಾನು ಯುರೋಪಿನ ಯಾವುದೋ ಸೇತುವೆಯನ್ನು ಕಾಯುತ್ತಿರುತ್ತೇನೆ. ಉಳಿಸಿಕೊಂಡ ಸೇತುವೆ ಇದುವರೆಗೆ ಒಂದೂ ಇಲ್ಲ.

ಆ ಆಟದಲ್ಲಿ ಒಂದು ಘೋರ ಅನ್ಯಾಯ ನಡೆದಿತ್ತು. ಎರಡನೇ ಮಹಾಯುದ್ಧದ ಕಾಲದಲ್ಲಿ ಹಾಫ್‌ಟ್ರ್ಯಾಕ್ ಎಂಬ ಗಾಡಿಯಿತ್ತು: ಮುಂದೆ ಲಾರಿಯ ಹಾಗೆ ಎರಡು ಚಕ್ರ, ಹಿಂದೆ ಟ್ಯಾಂಕಿನ ಹಾಗೆ ಸುತ್ತುವ ಪಟ್ಟಿ, ಸುತ್ತಲೂ ಉಕ್ಕಿನ ತಗಡು, ಮೇಲೆ ಬರೀ ಆಕಾಶ. ಅದರ ಒಂದು ಹಳೆಯ ಮಾದರಿಯಲ್ಲಿ ಮಾರ್ಟರ್ ಎಂಬ ಗಿಡ್ಡ ಫಿರಂಗಿಯನ್ನು ಹಿಂದಕ್ಕೆ ಮುಖ ಮಾಡಿ ಕೂರಿಸಿದ್ದರು. ಅಂದರೆ ಗುಂಡು ಹಾರಿಸಬೇಕಾದರೆ ಶತ್ರುವಿಗೆ ಬೆನ್ನು ತೋರಿಸಿ ನಿಲ್ಲಬೇಕು. ಹಾರಿಸಿದ ಮೇಲೆ ಪರಾರಿಯಾಗಲು ಗಾಡಿ ತಿರುಗಿಸುವ ತೊಂದರೆಯೇ ಇಲ್ಲ. ಇಷ್ಟು ವಿವೇಕವುಳ್ಳ ವಾಹನಕ್ಕೆ ಆಟದಲ್ಲಿ ಜಾಗವಿರಲಿಲ್ಲ. ಆಮೇಲೆ ಬಂದ, ಮುಂದಕ್ಕೆ ಹಾರಿಸುವ ಮಾದರಿ ಮಾತ್ರ ಮೆರೆಯುತ್ತಿತ್ತು.

ಹೊಸ ವಾಹನ ಬೇಕೆನ್ನುವ ಆಟಗಾರರು ಆಟದ ಫೋರಂನಲ್ಲಿ ಆಧಾರಸಮೇತ ಸೂಚನೆ ಹಾಕಬೇಕು. ಮಾಡರೇಟರ್ ಎಂಬ ಪರಿಶೀಲಕರು ಒಪ್ಪಿದರೆ ಅದು ಆಟ ತಯಾರಿಸುವವರಿಗೆ ಹೋಗುತ್ತದೆ. ನಾನೂ ಹಾಕಿದೆ. ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ’ ಎಂಬುದನ್ನು ಯಥಾವತ್ತಾಗಿ ಇಂಗ್ಲಿಷಿಗೆ ಇಳಿಸಿ ಶುರುಮಾಡಿದ್ದೆ. ಮಗಳು ಓದಿ, “ಅಪ್ಪಾ, ದಿಸ್ ಈಸ್ ಎ ಗೇಮ್ ಫೋರಂ. ತಾಲ್ಲೂಕ್ ಆಫೀಸ್ ಅಲ್ಲ,” ಎಂದಳು. ಗೌರವವಾಗಿ ಬರೆದರೆ ಗೌರವವಾಗಿ ಉತ್ತರ ಬರುತ್ತದೆ ಎಂದೆ. ಬಂತು: ‘ಈ ವಾಹನ ಈಗಾಗಲೇ ಆಟದಲ್ಲಿದೆ. ಬೇರೆ ಮಾದರಿ ಎನ್ನುವುದಾದರೆ ಮಾರ್ಟರಿನ ದಿಕ್ಕು ಕಾಣುವಂಥ ಫೋಟೋ ಈ ತಿಂಗಳೊಳಗೆ ಕೊಡಿ. ಇಲ್ಲವಾದರೆ ಸೂಚನೆ ಮುಚ್ಚಲಾಗುವುದು.’

ಅಂಥದೊಂದು ಗಾಡಿ ಮಾರ್ಗನ್ ಹಿಲ್ ಆಚೆ, ಚೆರ್ರಿ ತೋಟವಿರುವ ಒಬ್ಬ ಮುದುಕರ ಶೆಡ್ಡಿನಲ್ಲಿದೆ ಎಂದು ಫೋರಂನವರೇ ಯಾರೋ ತಿಳಿಸಿದರು. ಕೇಳಿದ್ದಕ್ಕೆ ಆತ, ಶನಿವಾರ ಬನ್ನಿ ಎಂದರು. ನಮ್ಮ ಕಡೆ ಹಬ್ಬಗಳೆಲ್ಲ ಶನಿವಾರಕ್ಕೇ ಬರುತ್ತವೆ. ಪಂಚಾಂಗಕ್ಕೂ ಆಫೀಸಿಗೂ ಆಗಿರುವ ಒಪ್ಪಂದ ಅದು. ಆ ಶನಿವಾರ ಆಯುಧಪೂಜೆ. ನನ್ನ ಹೆಂಡತಿ ಒಂದು ಚೀಲ ಹಿಡಿದು ಕಾರಿನಲ್ಲಿ ಕೂತಿದ್ದಳು.

“ಫೋಟೋ ತೆಗೆಯೋಕೆ ಹೋಗ್ತಿರೋದು ಕಣೆ, ಪೂಜೆಗಲ್ಲ,” ಎಂದೆ.

“ಹಬ್ಬದ ದಿನ ಫಿರಂಗಿ ಇರೋ ಗಾಡಿ ಹತ್ರ ಬರೀ ಕೈಲಿ ಹೋಗ್ತಾರೇನ್ರೀ? ನಮ್ಮ ಕಾರಿಗೇ ನಿಂಬೆಹಣ್ಣು ಇಟ್ಟಿದೀನಿ. ಅದರಲ್ಲಿರೋ ಆಯುಧ ಅಂದ್ರೆ ನಿಮ್ಮ ಕೊಡೆ.”

ಫ್ರೀವೇ ಹತ್ತಿದ ಮೇಲೆ ಗಾಡಿಯ ವೈಶಿಷ್ಟ್ಯವನ್ನು ಸವಿಸ್ತಾರವಾಗಿ ವಿವರಿಸಿದೆ. ಆಕೆ ಚೀಲವನ್ನು ಕಾಲ ಬಳಿ ಇಳಿಸಿ ನನ್ನತ್ತ ತಿರುಗಿದಳು.

“ಜಗಳ ಬಂದ ತಕ್ಷಣ ಬೆನ್ನು ತಿರುಗಿಸೋದು, ಅಲ್ಲಿಂದಲೇ ಒಂದು ಮಾತು ಹಾರಿಸೋದು, ಆಮೇಲೆ ವಾಕಿಂಗ್ ಹೊರಟುಬಿಡೋದು. ಇದು ನಿಮಗ್ಯಾಕೆ ಇಷ್ಟ ಆಯ್ತು ಅಂತ ಈಗ ಗೊತ್ತಾಯ್ತು ಬಿಡಿ.”

ತೋಟದ ಮುದುಕರು ಉದ್ದನೆಯ ಆಸಾಮಿ. ನಮ್ಮ ಚೀಲವನ್ನು ನೋಡಿ ಏನೆಂದು ಕೇಳಿದರು. ವರ್ಷಕ್ಕೊಮ್ಮೆ ವಾಹನಗಳಿಗೆ ರಕ್ಷಣೆ ಕೋರುವ ಪದ್ಧತಿ ಎಂದೆ. ಇನ್ಶೂರೆನ್ಸಿನವರು ತನಗೆ ಇಷ್ಟು ಹೂವು ಯಾವತ್ತೂ ತಂದಿಲ್ಲ ಎಂದು ಹೇಳಿ ಶೆಡ್ಡಿನ ಬಾಗಿಲು ತೆರೆದರು.

ಒಳಗೆ ಅರೆಗತ್ತಲು. ಗಾಡಿ ಹಸಿರು, ಮಾರ್ಟರೂ ಹಸಿರು. ನಾನು ಫೋನು ಎತ್ತಿದೆ.

“ಪೂಜೆ ಆಗೋ ಮುಂಚೆ ಫೋಟೋ ಬೇಡ ರೀ,” ಎಂದು ಹಿಂದಿನಿಂದ ಆಜ್ಞೆಯಾಯಿತು.

ಬಾಗಿಲುಗಳಿಗೆ, ಬಾನೆಟ್ಟಿಗೆ, ಮಾರ್ಟರಿನ ಬುಡಕ್ಕೆ ಅರಿಶಿನ ಕುಂಕುಮ ಬಿದ್ದವು. ಫಿರಂಗಿಯ ಕೊರಳಿಗೆ ಚೆಂಡುಹೂವಿನ ಹಾರ ಬಿತ್ತು. ನಾನು ಮೂವತ್ತು ಮೈಲಿಗೂ ಹೆಚ್ಚು ದೂರ ಬಂದದ್ದು ಯಾವ ಕೊರಳನ್ನು ನೋಡಲೋ ಅದನ್ನೇ ಹೂವು ಮುಚ್ಚಿತು. ಇರಲಿ ಎಂದು ಹಾರದ ಸಮೇತವೇ ಒಂದು ಫೋಟೋ ತೆಗೆದೆ. ಚಕ್ರಗಳ ಕೆಳಗೆ ನಿಂಬೆಹಣ್ಣಿಟ್ಟು ಹಿಂದೆ ಬಂದವಳು ಪಟ್ಟಿಯ ಮುಂದೆ ನಿಂತುಬಿಟ್ಟಳು.

“ಇದಕ್ಕೆ ಮೊದಲು ಎಲ್ರೀ, ಕೊನೆ ಎಲ್ಲಿ?”

ಎರಡೂ ಇಲ್ಲ ಎಂದೆ. ಹಾಗಾದರೆ ಪಟ್ಟಿಗೊಂದು ಸಾಕು ಎಂದು ಆಕೆಯೇ ತೀರ್ಪು ಕೊಟ್ಟಳು. ಮುದುಕರು ಹತ್ತಿ ಕೂತು ಎಂಜಿನ್ ಎಬ್ಬಿಸಿದರು. ಅದು ಕೆಮ್ಮಿ, ಗೊಣಗಿ, ಶೆಡ್ಡನ್ನೇ ನಡುಗಿಸಿ ಹೊರಟಿತು. ಮುಂದಿನ ನಿಂಬೆಹಣ್ಣುಗಳು ನಿಯಮದಂತೆ ಒಡೆದವು. ಹಿಂದಿನದೊಂದು ಅಪ್ಪಚ್ಚಿಯಾಗಿ ಪಟ್ಟಿಗೆ ಅಂಟಿಕೊಂಡು, ಅದರೊಂದಿಗೇ ಮೇಲೆ ಬಂದು, ಮುಂದೆ ಹೋಗಿ, ಮತ್ತೆ ಕೆಳಗಿಳಿಯಿತು. ಅದು ಮೇಲೆ ಬಂದಾಗಲೆಲ್ಲ ನನ್ನ ಹೆಂಡತಿ ಕೈಮುಗಿದಳು. ಮೂರನೆಯ ಸುತ್ತಿಗೆ ಮುದುಕರೂ ಸ್ಟೀರಿಂಗಿನ ಹಿಂದೆ ಕೂತೇ ಟೋಪಿ ಎತ್ತಿದರು. ಆಮೇಲೆ ನಮ್ಮಿಬ್ಬರನ್ನೂ ಹತ್ತಿಸಿಕೊಂಡು ಚೆರ್ರಿ ಮರಗಳ ಸಾಲಿನಲ್ಲಿ ಮೆರವಣಿಗೆ ಮಾಡಿದರು. ಮದುವೆಯ ದಿನವೂ ನಮಗೆ ಅಂಥ ಮೆರವಣಿಗೆ ಆಗಿರಲಿಲ್ಲ. ಆ ಖುಷಿಯಲ್ಲಿ, ಹಾರ ತೆಗೆದು ಇನ್ನೊಂದು ಫೋಟೋ ಹೊಡೆಯುವುದು ಮರೆತೇಹೋಯಿತು.

ಇದ್ದ ಫೋಟೋವನ್ನೇ ಹಾಕಿದೆ. ಮಾಡರೇಟರ್ ಕೇಳಿದರು: ‘ಬಾಗಿಲ ಮೇಲಿನ ಹಳದಿ, ಕೆಂಪು ಗುರುತು ಯಾವ ಸೇನಾ ತುಕಡಿಯದು? ಆಧಾರವಿಲ್ಲದ ಗುರುತುಗಳಿದ್ದರೆ ಚಿತ್ರವನ್ನು ಒಪ್ಪಲಾಗುವುದಿಲ್ಲ.’

ತಿಂಗಳು ಮುಗಿಯಲು ಎರಡೇ ದಿನವಿತ್ತು. ಮುದುಕರಿಗೆ ಫೋನು ಮಾಡಿ, ದಯವಿಟ್ಟು ಒಂದು ಬಟ್ಟೆಯಿಂದ ಒರೆಸಿ, ಬೇರೆ ಫೋಟೋ ಕಳಿಸುತ್ತೀರಾ ಎಂದು ಕೇಳಿದೆ. ಆತ ಖಡಾಖಂಡಿತವಾಗಿ ಒಲ್ಲೆ ಎಂದರು. ಆವತ್ತಿನಿಂದ ಎಂಜಿನ್ ಒಂದೇ ಏಟಿಗೆ ಎದ್ದೇಳುತ್ತಿದೆಯಂತೆ. ಹೂವು ಒಣಗಿದ್ದರೂ ತೆಗೆಯಲು ಧೈರ್ಯವಿಲ್ಲವಂತೆ.

“ನಿನ್ನ ಕುಂಕುಮದಿಂದ ನನ್ನ ಗಾಡಿ ಆಟಕ್ಕೆ ಸೇರದೆ ಹೋಯ್ತು,” ಎಂದು ಹೆಂಡತಿಗೆ ಹೇಳಿ, ಪದ್ಧತಿಯಂತೆ ಬೆನ್ನು ತಿರುಗಿಸಿ ಕೂತೆ.

“ಇದ್ದದ್ದು ಇದ್ದಹಾಗೆ ಬರೀರಿ. ಅವರೇನು ಮನುಷ್ಯರಲ್ವಾ?”

ಬರೆದೆ. ಸದರಿ ಗುರುತುಗಳು ಯಾವ ತುಕಡಿಯವೂ ಅಲ್ಲ, ಅವುಗಳನ್ನು ಇಟ್ಟದ್ದು ನನ್ನ ಹೆಂಡತಿ, ಆಕೆಯ ಮೇಲೆ ಯಾವ ಸೇನಾಪತಿಯ ಅಧಿಕಾರವೂ ನಡೆಯುವುದಿಲ್ಲ ಎಂದು ವಿನಯಪೂರ್ವಕವಾಗಿ ನಿವೇದಿಸಿ, ಹಬ್ಬವನ್ನೂ ನಿಂಬೆಹಣ್ಣಿನ ಪ್ರಯಾಣವನ್ನೂ ವಿವರಿಸಿದೆ.

ಮರುದಿನ ಉತ್ತರ ಬಂತು. ಅದನ್ನು ಆಕೆಗೆ ನಿಂತುಕೊಂಡೇ ಓದಿ ಹೇಳಿದೆ: ‘ವಿವರಣೆ ಒಪ್ಪಲಾಗಿದೆ. ಹಸಿರಿನ ಮೇಲೆ ಹಸಿರಾಗಿ ಕಾಣದೆ ಹೋಗುತ್ತಿದ್ದ ಮಾರ್ಟರ್, ಹೂವಿನ ಹಾರ ಜೋತುಬಿದ್ದಿರುವುದರಿಂದ ಹಿಂದಕ್ಕೇ ಮುಖ ಮಾಡಿದೆ ಎಂಬುದು ಸ್ಪಷ್ಟವಾಗಿದೆ. ಸೂಚನೆಯನ್ನು ಆಟ ತಯಾರಿಸುವವರಿಗೆ ಕಳಿಸಲಾಗಿದೆ.’ ಅದರ ಕೆಳಗೆ ಇನ್ನೊಂದು ಸಾಲಿತ್ತು. ತನ್ನ ಹಳೇ ಕಾರು ಬೆಳಿಗ್ಗೆ ಹೊತ್ತು ಸ್ಟಾರ್ಟ್ ಆಗುವುದಿಲ್ಲ, ಅದಕ್ಕೂ ಏನಾದರೂ ಮಾಡಬಹುದೇ ಎಂದು ಮಾಡರೇಟರ್ ಕೇಳಿದ್ದರು.

“ಎಲ್ಲಿರೋನಂತೆ?” ಎಂದಳು.

“ಗೊತ್ತಿಲ್ಲ.”

“ಎಲ್ಲಿದ್ರೂ ಶನಿವಾರ ಬರೋಕೆ ಹೇಳಿ. ನಾಲ್ಕೂ ಚಕ್ರಾನೇ ತಾನೆ?”