ಬರಿಗೈ ಸೂಲಗಿತ್ತಿ

ನನ್ನ ಅಕ್ಕನ ಗಂಡನನ್ನು ಬೀದಿಯವರೆಲ್ಲ ಸೂಲಗಿತ್ತಿ ಎನ್ನುತ್ತಾರೆ. ಭರ್ಜರಿ ಮೀಸೆಯ ಸೂಲಗಿತ್ತಿ. ಯಾರ ಹಸು ಕರು ಹಾಕಿ ಮಾಸು ಬೀಳದೆ ನಿಂತರೂ ಭಾವನವರೇ ಆಗಬೇಕು. ಅಂಗಿ ಕಳಚಿ, ಭುಜದವರೆಗೆ ತೋಳು ತೂರಿಸಿ, ಹಾಡುಗಾರರಂತೆ ಕಣ್ಣು ಮುಚ್ಚಿ ತಲೆದೂಗುತ್ತ ಎಳೆದು ತೆಗೆಯುತ್ತಾರೆ.

ಅವರದೇ ಕೊಟ್ಟಿಗೆಯಲ್ಲಿ ಮೂರು ಹಸು, ಮೂರೂ ಗಬ್ಬ. ಮಚ್ಚೆ ಹಸು ಏಳನೇ ತಿಂಗಳಿಗೇ ಕಂದು ಹಾಕಿದ ಬೆಳಿಗ್ಗೆ ನಾನು ಅಲ್ಲಿದ್ದೆ. ಕೂದಲು ಮೂಡದ ಸತ್ತ ಕರು ನೆನೆದ ಗೋಣಿಯಂತೆ ಬಿದ್ದಿತ್ತು. ಭಾವನವರು ಕೀವು ಸುರಿಯುವ ಮಾಸನ್ನು ಹೊರಗೆಳೆದು, ಬಹುಮಾನದಂತೆ ಎತ್ತಿ ತೋರಿಸಿ, ಮೂಲೆಗೆಸೆದರು. ತೋಳನ್ನು ಹುಲ್ಲಿಗೆ ಒರೆಸಿ ಅದೇ ಕೈಯಲ್ಲಿ ಚಹಾ ಲೋಟ ಹಿಡಿದರು. ನಾನು ನನ್ನ ಲೋಟವನ್ನು ಕೆಳಗಿಟ್ಟೆ. ಪಕ್ಕದ ಕರಿ ಹಸು ಕತ್ತು ಚಾಚಿ ಆ ರಾಶಿಯನ್ನು ನೆಕ್ಕುತ್ತಿತ್ತು.

ತಿಂಗಳೊಳಗೆ ಕರಿ ಹಸುವೂ ಕಂದು ಹಾಕಿತು. ಆಗಲೂ ಅದೇ ತೋಳು. ಅಕ್ಕ ಪಶುವೈದ್ಯೆಯನ್ನು ಕರೆಸಿದಳು.

"ರಕ್ತ ಪರೀಕ್ಷೆ ಮಾಡಿಸ್ಬೇಕು. ಇದು ಕಂದು ರೋಗ ಇದ್ದಂಗಿದೆ, ಮನುಷ್ಯರಿಗೂ ಅಂಟತ್ತೆ. ಮಾಸನ್ನ ಸುಣ್ಣ ಹಾಕಿ ಹೂಳಿ. ಹಾಲು ಕುದಿಸದೆ ಕುಡೀಬೇಡಿ. ಗ್ಲೌಸ್ ಇಲ್ದೆ ಒಳಗೆ ಕೈ ಹಾಕ್ಬೇಡಿ."

"ಗ್ಲೌಸ್ ಹಾಕ್ಕೊಂಡ್ರೆ ಕೈಗೆ ಕಣ್ಣಿರಲ್ಲ ಮೇಡಂ," ಎಂದರು ಭಾವ.

ಉಳಿದದ್ದು ಕೆಂಪು ಹಸು. ಅಕ್ಕ ಬೇಡಿಕೊಂಡಳು: "ಇದೊಂದನ್ನಾದ್ರೂ ಬೇರೆ ಕಟ್ಟೋಣ ರೀ. ಇದರ ಕರುವಾದ್ರೂ ಉಳೀಲಿ."

"ಬೇರೆ ಕಟ್ಟಿದ್ರೆ ಸೂಲಗಿತ್ತಿ ಮನೇಲೇ ರೋಗ ಅಂತಾರೆ. ನನ್ನ ಮರ್ಯಾದೆ ಏನಾಗ್ಬೇಕು?"

ಮರ್ಯಾದೆಗಿಂತ ಮೊದಲು ಭಾವನವರಿಗೆ ಜ್ವರ ಬಂತು. ಸಂಜೆಗೆ ಏರುವುದು, ಬೆಳಿಗ್ಗೆ ಇಳಿಯುವುದು. ಹಾಸಿಗೆಯೆಲ್ಲ ಹುಳಿ ಬೆವರು. ಸೊಂಟ ಹಿಡಿಯಿತು. ಬಾಮೈದನ ಮುಂದೆ ಹೇಳಲಾಗದ ಜಾಗ ಊದಿ ಮೋಸಂಬಿಯಾಯಿತು. ಕಾಲಗಲಿಸಿ ನಡೆಯುವುದನ್ನು ಕಂಡು ಎದುರುಮನೆಯ ಟೈಲರ್ ಕೇಳಿಯೇಬಿಟ್ಟ: "ಏನ್ ಸ್ವಾಮಿ, ನಿಮಗೇ ದಿನ ತುಂಬ್ತಾ?"

ಭಾವನವರು ಆಸ್ಪತ್ರೆಗೆ ತೋರಿಸಿಕೊಳ್ಳಲು ಹೋದ ದಿನವೇ ಅಕ್ಕ ಕೆಂಪು ಹಸುವನ್ನು ಸ್ಕೂಟರ್ ಶೆಡ್ಡಿಗೆ ಸಾಗಿಸಿದಳು. ಆದರೆ ತಡವಾಗಿತ್ತು. ಹತ್ತು ದಿನಕ್ಕೆ ಅದೂ ಕಂದು ಹಾಕಿತು. ವಾಸನೆ ತಡೆಯಲಾಗದೆ ನಾನು ಬೀದಿಗೆ ಓಡಿ ಬಂದರೆ, ಭಾವನವರು ಗೋಡೆ ಹಿಡಿದು, ಅಂಗಿಯ ಗುಂಡಿ ಬಿಚ್ಚುತ್ತ, ಶೆಡ್ಡಿನ ಕಡೆಗೇ ಹೊರಟಿದ್ದರು.

ಮೊಣಕೈ ದಾಟಿದ ಗ್ಲೌಸ್, ಮುಖಕ್ಕೆ ಬಟ್ಟೆ, ಕೈಯಲ್ಲಿ ಸುಣ್ಣದ ಬಕೆಟ್ಟು: ಅಕ್ಕ ಬಾಗಿಲಿಗೆ ಅಡ್ಡ ನಿಂತಳು.

"ಒಂದ್ಸಲ ನೋಡ್ತೀನಿ ಕಣೇ. ನನ್ ಕೈಗೆ ಗೊತ್ತಾಗತ್ತೆ."

"ನಿಮ್ ಕೈಗೆ ಗೊತ್ತಾಗಿದ್ದು ಸಾಕು. ಮೂರು ಕರು ತಿಂತು. ಹೋಗಿ ಮಾತ್ರೆ ನುಂಗಿ ಮಲಕ್ಕೊಳ್ಳಿ."

ಭಾವನವರು ಬಿಚ್ಚಿದ್ದ ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಂಡರು.